ಉಡಿಯ ಅಕ್ಕಿ

ಜನವರಿ 4, ಭಾನುವಾರ

ಇವತ್ತು ಮನೆಯಲ್ಲಿ ಪಾಯಸ. ನನ್ನ ಹೆಂಡತಿ ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದಾಳೆ. ಮಧುಮತಿ ಗೆದ್ದದ್ದು ತನ್ನ ಯೋಗ್ಯತೆಯಿಂದಲೋ ಎದುರಾಳಿಯ ಅಯೋಗ್ಯತೆಯಿಂದಲೋ ಎಂದು ಪ್ರಜಾಪ್ರಭುತ್ವ ಹೇಳುವುದಿಲ್ಲ, ಎಣಿಸಿ ಕೈ ತೊಳೆದುಕೊಳ್ಳುತ್ತದೆ. ಅವಳನ್ನು ನಿಲ್ಲಿಸಿದವನು ನಾನು. ಸೀಟು ಮಹಿಳೆಗೆ ಮೀಸಲಾಗದಿದ್ದರೆ ನಾನೇ ನಿಲ್ಲುತ್ತಿದ್ದೆ, ಮತ್ತು ನಾನು ಸೋಲುತ್ತಿದ್ದೆ. ಹಳಿಯಾಳದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಅತಿಥಿ ಉಪನ್ಯಾಸಕನಿಗೆ ವೋಟು ಹಾಕುವಷ್ಟು ಈ ಊರು ಇನ್ನೂ ಮುಂದುವರಿದಿಲ್ಲ.

ಬೆಳಗ್ಗೆ ಕೆರೆ ಓಣಿಯ ಹೆಂಗಸರೆಲ್ಲ ಬಂದು ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಒಬ್ಬೊಬ್ಬಳೂ ತನ್ನ ಮನೆಯಿಂದ ಹಿಡಿ ಅಕ್ಕಿ, ಬೆಲ್ಲದ ಚೂರು, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು ತಂದು ಅವಳ ಸೆರಗಿಗೆ ಹಾಕಿದಳು. ಗಂಡು ದೇವರುಗಳ ಹತ್ತಿರ ಕೆಲಸವಾಗದಿದ್ದಾಗ ಹೆಂಗಸರು ಮೊರೆ ಹೋಗುವ ಲೋಕಾಯುಕ್ತ ಇದು. ಓಣಿಗೆಲ್ಲ ಹಿರಿಯಳಾದ ಶಿವಗಂಗವ್ವ ಕೊನೆಯ ಹಿಡಿ ಹಾಕಿ ಹೇಳಿದಳು:

“ಗುಡ್ಡಾನ ನಿನ್ನ ಉಡ್ಯಾಗ ಹಾಕೇವಿ, ತಂಗಿ. ಕ್ರಷರಿಗೆ ಕೊಡಬ್ಯಾಡ.”

ಗುಡ್ಡ ಎಂದರೆ ನಮ್ಮ ಕೆರೆಯ ಮೇಲಿನ ಕಲ್ಲುಗುಡ್ಡ. ಮಳೆನೀರು ಅಲ್ಲಿಂದಲೇ ಇಳಿದು ಕೆರೆ ತುಂಬುತ್ತದೆ. ಅದನ್ನು ಒಡೆದು ಜಲ್ಲಿ ಮಾಡಬೇಕೆಂದು ಕಲ್ಲಿನ ಗುತ್ತಿಗೆದಾರ ರುದ್ರೇಶ ಕಾಯುತ್ತಿದ್ದಾನೆ, ಪಂಚಾಯ್ತಿಯ ಒಪ್ಪಿಗೆ ಪತ್ರ ಒಂದು ಬೇಕು. ಮಧುಮತಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೂಂ ಎಂದಳು. ಹೂಂ ಎನ್ನುವುದಕ್ಕೆ ಯಾರಪ್ಪನ ಗಂಟೇನು ಹೋಗುತ್ತದೆ.

ಉಡಿಯ ಅಕ್ಕಿಯನ್ನು ಬೇರೆಯವರಿಗೆ ಕೊಡುವಂತಿಲ್ಲ, ಚೆಲ್ಲುವಂತಿಲ್ಲ. ತುಂಬಿಸಿಕೊಂಡವಳ ಮನೆಯವರೇ ಬೇಯಿಸಿ ಉಣ್ಣಬೇಕು. ಹತ್ತು ಮನೆಯ ಅಕ್ಕಿ ಒಂದೇ ಪಾತ್ರೆಯಲ್ಲಿ ಬೆಂದರೆ ಏನಾಗಬೇಕೋ ಅದೇ ಆಯಿತು. ಒಂದು ಮುದ್ದೆ, ಇನ್ನೊಂದು ಇನ್ನೂ ಕಾಳು, ನಡುನಡುವೆ ಕಲ್ಲಿನ ಹರಳು. ಹಲ್ಲಿಗೆ ಸಿಕ್ಕಿದ್ದನ್ನೆಲ್ಲ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು ಅವಳಿಗೆ ತೋರಿಸಿದೆ. ಆದರೂ ಎರಡು ಸಲ ಬಡಿಸಿಕೊಂಡೆ. ಬೆಲ್ಲ ಚೆನ್ನಾಗಿತ್ತು.

ಜನವರಿ 11, ಭಾನುವಾರ

ಮುಂದಿನ ತಿಂಗಳು ನಮ್ಮ ಕಾಲೇಜಿನಲ್ಲಿ ವಿಚಾರ ಸಂಕಿರಣ. ನನ್ನ ವಿಷಯ: ಆಳುವವನ ನೀತಿ, ಪೂರ್ವ ಮತ್ತು ಪಶ್ಚಿಮ ಸಾಹಿತ್ಯದ ನೋಟ. ಕಾಯಂ ಆದವರೆಲ್ಲ ಸುಲಭದ ವಿಷಯ ಹಂಚಿಕೊಂಡ ಮೇಲೆ ಉಳಿದದ್ದು ಇದು. ಶುರು ಮಾಡಿದ್ದೇನೆ.

ನಮ್ಮ ಹಳೆಯ ಕಥೆಗಳಲ್ಲಿ ರಾಜ ತಪ್ಪಿದರೆ ಮಳೆ ತಪ್ಪುತ್ತದೆ, ಹಸುವಿನ ಹಾಲು ಬತ್ತುತ್ತದೆ. ಚೀನಾದವರ ಹಳೆಯ ಬರಹದಲ್ಲೂ ಸುಮಾರು ಹೀಗೆಯೇ. ರಾಜನಿಗೆ ಆಕಾಶ ಕೊಟ್ಟ ಅಪ್ಪಣೆಯನ್ನು ಆಕಾಶವೇ ವಾಪಸು ತೆಗೆದುಕೊಳ್ಳುತ್ತದೆ. ಪಶ್ಚಿಮದ ನಾಟಕಗಳಲ್ಲಿ ರಾಜ ತಪ್ಪಿದರೆ ಅವನ ನಿದ್ದೆ ಕೆಡುತ್ತದೆ, ಆಮೇಲೆ ತಲೆ ಕೆಡುತ್ತದೆ, ಕೊನೆಗೆ ತಲೆಯೇ ಹೋಗುತ್ತದೆ. ಅಲ್ಲಿಯೇ ಇನ್ನೊಂದು ಪಂಗಡವಿದೆ. ಆಳುವವನು ಒಳ್ಳೆಯವನಾಗಬೇಕಿಲ್ಲ, ಒಳ್ಳೆಯವನಂತೆ ಕಂಡರೆ ಸಾಕು ಎಂದು ಕಲಿಸುವವರು. ನನ್ನ ವಾದ ಸ್ಪಷ್ಟವಾಗಿದೆ: ಪೂರ್ವಕ್ಕೆ ನೀತಿಯೇ ರಾಜ್ಯ, ಪಶ್ಚಿಮಕ್ಕೆ ನೀತಿ ಒಂದು ಅಂಗಿ.

ಎರಡೂ ಕಡೆಯವರು ನಮ್ಮ ತಾಲ್ಲೂಕನ್ನು ನೋಡಿರಲಿಲ್ಲ. ಇಲ್ಲಿ ಆಳುವವನು ತಪ್ಪಿದರೆ ಮಳೆಯೂ ನಿಲ್ಲುವುದಿಲ್ಲ, ನಿದ್ದೆಯೂ ಕೆಡುವುದಿಲ್ಲ. ಅವನ ಫ್ಲೆಕ್ಸು ದೊಡ್ಡದಾಗುತ್ತದೆ.

ಇಷ್ಟು ಬರೆಯುವಷ್ಟರಲ್ಲಿ ಕ್ರಷರ್ ರುದ್ರೇಶ ಬಂದ. ಅವನಿಗಿಂತ ಮೊದಲು ಅವನ ಸೆಂಟು ಒಳಗೆ ಬರುತ್ತದೆ. ಅಧ್ಯಕ್ಷ ಸ್ಥಾನ ಸಾಮಾನ್ಯ ಮಹಿಳೆಗೆ ಬಂದಿದೆಯಂತೆ. ಅವನ ಹೆಂಡತಿ ಜ್ಯೋತಿ ಗೆದ್ದಿದ್ದಾಳಲ್ಲ, ಅವಳನ್ನು ಅಧ್ಯಕ್ಷೆ ಮಾಡಬೇಕು. ಎದುರಿಗೆ ನಿಲ್ಲುವವಳು ಖತೀಜಾಬಿ, ಗ್ಯಾರೇಜಿನ ಇರ್ಫಾನನ ಹೆಂಡತಿ. ಗುಡ್ಡ ಮುಟ್ಟಲು ಬಿಡುವುದಿಲ್ಲ ಎಂದು ಹೇಳಿಕೊಂಡೇ ಗೆದ್ದವಳು. ಹನ್ನೊಂದು ಸದಸ್ಯರಲ್ಲಿ ಐವರು ಆ ಕಡೆ, ಐವರು ಈ ಕಡೆ. ಹನ್ನೊಂದನೆಯವಳು ನಮ್ಮ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು.

ಮಾತಿಗೊಮ್ಮೆ ನನ್ನನ್ನು ಮಾಸ್ತರ ಎಂದು ಕರೆದ. ಎಂ.ಎ. ಮಾಡಿದವನಿಗೂ ಬಾಲವಾಡಿಯವರಿಗೂ ಅವನಿಗೆ ವ್ಯತ್ಯಾಸವಿಲ್ಲ. ವಿಚಾರ ಮಾಡುತ್ತೇವೆ ಎಂದು ಹೇಳಿ ಸಾಗಹಾಕಿದೆ. ಚಹಾ ಕುಡಿದ ಲೋಟವನ್ನು ನನ್ನ ಪ್ರಬಂಧದ ಹಾಳೆಯ ಮೇಲಿಟ್ಟು ಹೋದ.

ಜನವರಿ 19, ಸೋಮವಾರ

ಪ್ರಾಚಾರ್ಯರು ಕರೆದು ಕುರ್ಚಿ ತೋರಿಸಿದರು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೂತದ್ದು ಇದೇ ಮೊದಲು. ಕನ್ನಡ ವಿಭಾಗದಲ್ಲಿ ಒಂದು ಕಾಯಂ ಹುದ್ದೆಯಾಗಲಿದೆ, ಆಡಳಿತ ಮಂಡಳಿಯ ಹಿರಿಯರೊಬ್ಬರಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯವಿದೆ ಎಂದರು. ಆ ಹಿರಿಯರು ರುದ್ರೇಶನ ಮಾವ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರೂ ವಿದ್ಯಾವಂತರು.

ಅರಸನ ಕುದುರೆ ಲಾಯದಲ್ಲೇ ಮುಪ್ಪಾಯಿತು ಎಂಬ ಗಾದೆಯನ್ನು ಮಾಡಿದವನು ಅತಿಥಿ ಉಪನ್ಯಾಸಕನೇ ಇರಬೇಕು. ನನ್ನ ನಂತರ ಕಲಿತ ಹುಡುಗರು ನನಗೆ ಮೇಲಧಿಕಾರಿಗಳಾಗಿದ್ದಾರೆ. ಪ್ರತಿ ಜೂನ್ ತಿಂಗಳು ನನ್ನನ್ನು ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಅತಿಥಿ ನಾನು. ಹೋಗಲಿ.

ಮನೆಗೆ ಬಂದು ಮಧುಮತಿಗೆ ವಿಷಯ ತಿಳಿಸಿದೆ. ಅವರೆಕಾಯಿ ಸುಲಿಯುತ್ತಿದ್ದಳು. “ಮತ್ತ ಗುಡ್ಡದ್ದು ಹೆಂಗ?” ಎಂದಳು. ಮೊದಲು ಅಧಿಕಾರದ ಹತ್ತಿರ ಇರಬೇಕು, ಹತ್ತಿರ ಇದ್ದರೆ ತಾನೆ ತಿದ್ದಲು ಸಾಧ್ಯ, ದೂರ ನಿಂತು ಒಳ್ಳೆಯವರಾಗಿ ಉಳಿಯುವುದು ಹೇಡಿಗಳ ನೀತಿ ಎಂದು ಪಶ್ಚಿಮದ ವಿಚಾರವನ್ನು ಅವಳಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದೆ. ಅವಳು ಏನೂ ಹೇಳಲಿಲ್ಲ. ಮೌನ ಸಮ್ಮತಿಯ ಲಕ್ಷಣ. ರುದ್ರೇಶನಿಗೆ ಫೋನು ಮಾಡಿ ಆಯಿತು ಎಂದೆ.

ಜನವರಿ 27, ಮಂಗಳವಾರ

ಜೋಯಿಡಾ ದಾಟಿ ಕುಂಬಾರವಾಡದ ಕಡೆ ಹೋಗುವ ರಸ್ತೆಯಲ್ಲಿ, ಕಾಡಿನ ನಡುವೆ ಒಂದು ಹೋಂಸ್ಟೇ. ಆರು ಸದಸ್ಯರನ್ನು ಎರಡು ಗಾಡಿಯಲ್ಲಿ ತುಂಬಿ ತಂದಿದ್ದಾರೆ. ಚುನಾವಣೆ ಸೋಮವಾರ. ಅಲ್ಲಿಯವರೆಗೆ ಯಾರೂ ಯಾರ ಕೈಗೂ ಸಿಗಬಾರದು. ಶಾಸಕರು ಮಾಡುವುದನ್ನು ಟೀವಿಯಲ್ಲಿ ನೋಡಿ ಪಂಚಾಯ್ತಿಯವರೂ ಕಲಿತಿದ್ದಾರೆ. ಯಥಾ ರಾಜಾ ತಥಾ ಪ್ರಜಾ ಎಂದವನಿಗೆ ಇಷ್ಟೊಂದು ನಿಷ್ಠೆಯ ನಿರೀಕ್ಷೆ ಇರಲಿಕ್ಕಿಲ್ಲ.

ಹೆಣ್ಣು ಸದಸ್ಯರ ಜೊತೆ ಮನೆಯವರೊಬ್ಬರು ಬರಬಹುದು ಎಂಬುದು ರುದ್ರೇಶನ ನಿಯಮ. ಹಾಗೆ ನಾನೂ ಬಂದೆ, ಪ್ರಬಂಧದ ಹಾಳೆ ಹಿಡಿದುಕೊಂಡು. ಇಳಿದ ಕೂಡಲೇ ಎಲ್ಲರ ಮೊಬೈಲು ಒಂದು ಸ್ಟೀಲಿನ ಡಬರಿಯಲ್ಲಿ ಹಾಕಿಸಿಕೊಂಡರು. ಲಗಮಪ್ಪ ಎಂಬ ಹಿರಿಯ ಸದಸ್ಯ, ಬೀಜದ ಅಂಗಡಿಯವನು, ತನ್ನದನ್ನು ಹಾಕುವ ಮೊದಲು ಅದಕ್ಕೆ ಕೈ ಮುಗಿದ. ಮಲಿಕಸಾಬ ಎಂಬ ಇನ್ನೊಬ್ಬ, ಕಾಗದ ಕಾರ್ಖಾನೆಯಿಂದ ನಿವೃತ್ತನಾದವನು, ಹೆಂಡತಿಗೆ ಒಂದು ಮಾತು ಹೇಳಿಬಿಡುತ್ತೇನೆ ಎಂದು ಗೋಗರೆದ. ಹೇಗೂ ಇಲ್ಲಿ ನೆಟ್‌ವರ್ಕ್ ಇಲ್ಲ. ಮಾಲೀಕ ಜ್ಯೋತಿಬಾ ಅರ್ಧ ಕೊಂಕಣಿ ಅರ್ಧ ಮರಾಠಿಯಲ್ಲಿ ಮಾತಾಡುತ್ತಾನೆ, ಬಿಲ್ಲು ಮಾತ್ರ ಶುದ್ಧ ಕನ್ನಡದಲ್ಲಿ ಹೇಳುತ್ತಾನೆ.

ರುದ್ರೇಶನ ಹೆಂಡತಿ ಜ್ಯೋತಿಯೂ ಇದ್ದಾಳೆ. ಆಗಲಿರುವ ಅಧ್ಯಕ್ಷೆ. ಬಂದಾಗಿನಿಂದ ಅವಳು ಬಾಯಿ ಬಿಟ್ಟದ್ದು ಗಂಡನಿಗೆ ಗುಳಿಗೆ ತೆಗೆದುಕೊಳ್ಳಲು ನೆನಪಿಸುವುದಕ್ಕೆ.

ಜನವರಿ 28, ಬುಧವಾರ

ಎಲ್ಲರನ್ನೂ ಕಾಳಿ ನದಿಗೆ ಕರೆದೊಯ್ದು ರಬ್ಬರು ದೋಣಿಯಲ್ಲಿ ಕೂರಿಸಿದರು. ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಲಗಮಪ್ಪ ನೀರಿನ ಪ್ರತಿ ಜಿಗಿತಕ್ಕೂ ಒಂದೊಂದು ದೇವರ ಹೆಸರು ಹೇಳಿದ. ಸ್ಥಳೀಯ ಸ್ವಯಮಾಡಳಿತ ತೇಲುತ್ತಿತ್ತು. ಮಧುಮತಿ ದಡದಲ್ಲಿ ಕೂತೇ ಇದ್ದಳು. ಎಷ್ಟು ಕರೆದರೂ ಹತ್ತಲಿಲ್ಲ.

ಊಟಕ್ಕೆ ಬದನೆಕಾಯಿ ಎಣ್ಣೆಗಾಯಿ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂದು ನನ್ನನ್ನೇ ನಾನು ಛೇಡಿಸಿಕೊಂಡೆ. ರುದ್ರೇಶ ಪ್ರಬಂಧದ ಬಗ್ಗೆ ವಿಚಾರಿಸಿದ, ಕೂತು ಕೇಳಿದ. ಓದಿಲ್ಲದವನಾದರೂ ಗ್ರಹಿಕೆ ಚುರುಕು. ನನ್ನ ಮೊಬೈಲನ್ನು ಮಾತ್ರ ವಾಪಸು ಕೊಟ್ಟ. ಮುಂದೆ ನೆಟ್‌ವರ್ಕ್ ಸಿಕ್ಕರೆ ಅಭ್ಯಾಸಕ್ಕೆ ಬೇಕಾಗುತ್ತದೆ ಎಂದ.

ಜನವರಿ 29, ಗುರುವಾರ

ಬೆಳಗ್ಗೆ ತಿಂಡಿಯಾದ ಮೇಲೆ ಆಣೆ. ಹೋಂಸ್ಟೇಯ ಹಾಲ್‌ನಲ್ಲಿ ಕಂಬಳಿ ಹಾಸಿ ಎಲ್ಲಮ್ಮನ ಫೋಟೋ ಇಟ್ಟು, ಅದರ ಮುಂದೆ ತಾಟಿನ ತುಂಬ ಭಂಡಾರ. ಅದೇ ಅರಿಸಿನಪುಡಿಯನ್ನು ಸಾರಿಗೆ ಹಾಕಿದರೆ ಯಾರೂ ಹೆದರುವುದಿಲ್ಲ, ತಾಟಿಗೆ ಹಾಕಿ ದೇವಿಯ ಮುಂದಿಟ್ಟರೆ ಕೊಲೆ ಮಾಡಿದವನೂ ನಡುಗುತ್ತಾನೆ. ಸಂವಿಧಾನದ ಹೆಸರಲ್ಲಿ ಪ್ರಮಾಣ ಮಾಡಿದ ಕೈಗಳನ್ನು ಸಂವಿಧಾನ ನಂಬಿರಬಹುದು, ರುದ್ರೇಶ ನಂಬುವುದಿಲ್ಲ.

ಒಬ್ಬೊಬ್ಬರೇ ಭಂಡಾರದಲ್ಲಿ ಕೈ ಮುಳುಗಿಸಿ ನಮ್ಮ ಚೀಟಿ ಜ್ಯೋತಿಯವರಿಗೇ ಎಂದು ಆಣೆ ಮಾಡಿದರು. ಜ್ಯೋತಿ ಕೂಡ ತನಗೆ ತಾನೇ ವೋಟು ಹಾಕುತ್ತೇನೆಂದು ಆಣೆ ಮಾಡಿದಳು. ಮಲಿಕಸಾಬನ ಸರದಿ ಬಂದಾಗ ಅವನು, ನಮ್ಮಲ್ಲಿ ಇದು ನಡೆಯುವುದಿಲ್ಲ, ನನ್ನ ನಾಲಿಗೆಯೇ ಸಾಕು ಎಂದ. ರುದ್ರೇಶ ಒಪ್ಪಿದ. ನಂತರ ಮಧುಮತಿಯನ್ನು ಕರೆದ. ಅವಳು ಬಾಗಿಲ ಹೊರಗೆ ನಿಂತಿದ್ದಳು.

“ನಾ ಹೊರಗಾಗೀನ್ರಿ. ತಾಟಿಗೆ ಕೈ ಹಚ್ಚಾಕ ಬರೂದಿಲ್ಲ.”

ಎಲ್ಲರೂ ನೆಲ ನೋಡಿದರು. ಮುಟ್ಟಾದವಳು ಭಂಡಾರ ಮುಟ್ಟಿದರೆ ದೇವಿ ಮುನಿಯುತ್ತಾಳೆ. ನಾಲ್ಕು ದಿನ ಕಾದರೆ ಚುನಾವಣೆ ಮುಗಿದಿರುತ್ತದೆ. ರುದ್ರೇಶ ನನ್ನನ್ನು ನೋಡಿದ. ಆ ಹಾಲ್‌ನಲ್ಲಿ ಓದಿದವನು ನಾನೊಬ್ಬನೇ. ಶಾಸ್ತ್ರದ ತೊಡಕು ಬಂದಾಗ ರಾಜರೂ ಪಂಡಿತರನ್ನು ನೋಡಿದ್ದಾರೆ.

ಎದ್ದು ನಿಂತೆ. ಧರ್ಮಕಾರ್ಯದಲ್ಲಿ ದಂಪತಿ ಒಂದೇ ದೇಹ, ಗಂಡ ಮಾಡಿದ ಸಂಕಲ್ಪ ಹೆಂಡತಿಯದೂ ಹೌದು, ಇದಕ್ಕೆ ನಮ್ಮ ಪರಂಪರೆಯಲ್ಲಿ ಬೇಕಾದಷ್ಟು ಆಧಾರವಿದೆ ಎಂದೆ. ಹೇಳುತ್ತ ಹೋದಂತೆ ನನ್ನ ಮಾತು ನನಗೇ ಹಿಡಿಸಿತು. ಮೊಣಕಾಲೂರಿ ಕೈ ಮುಳುಗಿಸಿ, ನಮ್ಮ ಮನೆಯ ಚೀಟಿ ಜ್ಯೋತಿಯವರಿಗೆ ಬೀಳದಿದ್ದರೆ ಆ ತಾಯಿ ನನ್ನನ್ನು ನೋಡಿಕೊಳ್ಳಲಿ ಎಂದೆ. ಮಧುಮತಿ ಬಾಗಿಲಲ್ಲೇ ನಿಂತು ನೋಡಿದಳು. ಬೇಡ ಎನ್ನಲಿಲ್ಲ.

“ಓದಿದವರು ಅಂದ್ರ ಹಿಂಗಿರಬೇಕು, ಸರ್,” ಎಂದ ರುದ್ರೇಶ.

ಸರ್ ಎಂದದ್ದು ಇವತ್ತೇ. ಮೂಢನಂಬಿಕೆಯನ್ನು ಮೂಢನಂಬಿಕೆಯಿಂದಲೇ ಬಿಡಿಸಿದೆ. ಬಣ್ಣ ಮಾತ್ರ ಉಗುರಿನ ಸಂದಿಯಿಂದ ಹೋಗುತ್ತಿಲ್ಲ.

ಜನವರಿ 30, ಶುಕ್ರವಾರ

ಬೆಳಗ್ಗೆ ಚಹಾಕ್ಕೆ ಬಹಳ ಹೊತ್ತು ಕಾಯಬೇಕಾಯಿತು. ಮಾಲೀಕ ಜ್ಯೋತಿಬಾನ ಹೆಂಡತಿ ಅಂಗಳ ಸಾರಿಸುತ್ತಿದ್ದಳು, ಮಧುಮತಿ ಅವಳ ತುಳಸಿಕಟ್ಟೆಗೆ ದೀಪ ಹಚ್ಚಿ ಕೈ ಮುಗಿದು ನಿಂತಿದ್ದಳು. ಹೆಂಗಸರು ಸೇರಿದರೆ ಚಹಾ ಆರಿಹೋಗುತ್ತದೆ, ದೀಪ ಆರುವುದಿಲ್ಲ. ಕೊನೆಗೆ ನಾನೇ ಒಳಗೆ ಹೋಗಿ ಬಗ್ಗಿಸಿಕೊಂಡೆ.

ಪ್ರಬಂಧ ಭರದಿಂದ ಸಾಗಿದೆ. ಮೊದಲಿನ ವಾದ ತುಸು ಬಾಲಿಶ ಎನ್ನಿಸಿತು, ಹೊಡೆದುಹಾಕಿದೆ. ಪೂರ್ವಕ್ಕೂ ವ್ಯವಹಾರ ಗೊತ್ತಿತ್ತು. ನಮ್ಮ ಮಂತ್ರಿಗಳೂ ರಾಜನಿಗೆ ಉಪಾಯ ಹೇಳಿದವರೇ. ಆಣೆ, ಪ್ರಮಾಣ, ದೇವರ ಭಯ ಎಲ್ಲ ರಾಜ್ಯವನ್ನು ಒಟ್ಟಿಗೆ ಹಿಡಿದಿಡುವ ಹಗ್ಗಗಳು. ಹಗ್ಗಕ್ಕೆ ನೀತಿ ಇರುವುದಿಲ್ಲ, ಗಟ್ಟಿ ಇದ್ದರೆ ಸಾಕು. ಪುಸ್ತಕ ಓದಿ ಆಳುವವರನ್ನು ಬಯ್ಯುವುದು ಸುಲಭ, ಹತ್ತಿರದಿಂದ ನೋಡಿದರೆ ಅವರ ಕಷ್ಟ ತಿಳಿಯುತ್ತದೆ. ಈ ಆರು ಜನರ ಊಟ, ಔಷಧಿ, ಮುನಿಸು ಎಲ್ಲವನ್ನೂ ರುದ್ರೇಶಣ್ಣ ಒಬ್ಬನೇ ನೋಡಿಕೊಳ್ಳುತ್ತಿದ್ದಾನೆ.

ಸಂಜೆ ಹೊತ್ತಿಗೆ ಗಡಿಬಿಡಿ. ಖತೀಜಾಬಿಯ ಗಂಡ ಇರ್ಫಾನನಿಗೆ ನಾವಿರುವ ಜಾಗ ತಿಳಿಯಿತಂತೆ. ಈ ರಸ್ತೆಯ ಬಸ್ಸುಗಳೆಲ್ಲ ಅವನ ಗ್ಯಾರೇಜಿಗೇ ರಿಪೇರಿಗೆ ಹೋಗುವುದು, ಡ್ರೈವರ್ ಹೇಳಿರಬೇಕು. ಎಲ್ಲಿಗೆ ಹೋಗೂಣು ಎಂದು ರುದ್ರೇಶಣ್ಣ ತಲೆ ಹಿಡಿದುಕೊಂಡ. ಮುಂಡಗೋಡದ ಟಿಬೆಟನ್ ಕಾಲೊನಿ ಎಂದು ಸೂಚಿಸಿದವನು ನಾನು. ಪಂಚಾಯ್ತಿ ಸದಸ್ಯರನ್ನು ಸನ್ಯಾಸಿಗಳ ನಡುವೆ ಯಾರೂ ಹುಡುಕುವುದಿಲ್ಲ.

ಜನವರಿ 31, ಶನಿವಾರ

ಕಾಲೊನಿಯ ಅತಿಥಿಗೃಹ ಸ್ವಚ್ಛವಾಗಿದೆ. ಮಠದ ಅಂಗಳದಲ್ಲಿ ಕೆಂಪು ಬಟ್ಟೆಯ ಭಿಕ್ಷುಗಳು ಚಪ್ಪಾಳೆ ತಟ್ಟಿ ತಟ್ಟಿ ಧರ್ಮಶಾಸ್ತ್ರದ ವಾದ ಮಾಡುತ್ತಿದ್ದರು. ಲಗಮಪ್ಪ ಜಗಳವೆಂದು ತಿಳಿದು ಬಿಡಿಸಲು ಹೋದ. ನೀತಿ ಉಳಿಸಿಕೊಂಡು ರಾಜ್ಯ ಕಳೆದುಕೊಂಡವರು ಇಲ್ಲಿ ಗೋವಿನಜೋಳ ಬೆಳೆಯುತ್ತಿದ್ದಾರೆ, ಇದಕ್ಕಿಂತ ದೊಡ್ಡ ಉದಾಹರಣೆ ನನ್ನ ಪ್ರಬಂಧಕ್ಕೆ ಬೇಕೆ ಎಂದು ಬರೆದುಕೊಂಡೆ. ರುದ್ರೇಶಣ್ಣನವರಿಗೆ ಓದಿ ತೋರಿಸಿದಾಗ ಬಹಳ ಮೆಚ್ಚಿದರು. ಅವರ ಮಾವನವರು ಸಂಕಿರಣಕ್ಕೆ ಮುಖ್ಯ ಅತಿಥಿಯಾಗಿ ಬರುತ್ತಾರಂತೆ.

ಅಕ್ಕಾರ ಜೊತೆ ನೀವು ಇರ್ರಿ ಸರ್, ಅಂಗಡಿಗೆ ಗಿಂಗಡಿಗೆ ಒಬ್ಬರನ್ನೇ ಬಿಡಬ್ಯಾಡ್ರಿ ಎಂದು ರುದ್ರೇಶಣ್ಣನವರು ಹೇಳಿದ್ದರು. ಗಂಡ ಹೆಂಡತಿಯ ಜೊತೆ ಇದ್ದರೆ ಅದಕ್ಕೆ ಕಾವಲು ಎನ್ನುತ್ತಾರೆಯೇ. ಸ್ವೆಟರ್ ಅಂಗಡಿಯಲ್ಲೂ ಜೊತೆಗೆ ನಿಂತೆ, ಚಹಾದ ಅಂಗಡಿಯಲ್ಲೂ ಜೊತೆಗೆ ಕೂತೆ. ಚಹಾ ಮಾರುವ ಟಿಬೆಟನ್ ಮುದುಕಿ ನಮಗಿಂತ ಚೆನ್ನಾಗಿ ಮುಂಡಗೋಡದ ಕನ್ನಡ ಆಡುತ್ತಾಳೆ. ಮಧುಮತಿಗೆ ಹುಷಾರಿಲ್ಲವೇ, ಗಂಡಸರು ಯಾಕೆ ಹೀಗೆ ಕಾಯುತ್ತಾರೆ ಎಂದು ಕೇಳಿದಳು. ಇಲೆಕ್ಷನ್ನು ಎಂದಳು ಮಧುಮತಿ. ಮುದುಕಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗುವಂಥದ್ದು ಏನಿತ್ತೋ.

ಮರಳುವಾಗ ದಾರಿಯಲ್ಲಿ ಮಧುಮತಿ ನನ್ನ ಮೊಬೈಲು ಕೇಳಿದಳು. ಶಿವಗಂಗವ್ವನ ಮನೆಗೆ ಒಂದು ಫೋನು ಮಾಡಬೇಕಂತೆ, ಕೆರೆ ಓಣಿಯವರು ಹಾದಿ ನೋಡುತ್ತಿರುತ್ತಾರಂತೆ. ಎಲ್ಲರಿಗೂ ಇರುವ ನಿಯಮ ನನ್ನ ಹೆಂಡತಿಗಿಲ್ಲ ಎಂದರೆ ಹೇಗೆ. ಕೊಡಲಿಲ್ಲ. ಎರಡನೇ ಸಲ ಅವಳು ಕೇಳಲೂ ಇಲ್ಲ. ಅವಳಿಗೂ ಈಗ ರಾಜಕೀಯದ ಗಂಭೀರತೆ ತಿಳಿಯುತ್ತಿದೆ.

ಫೆಬ್ರವರಿ 2, ಸೋಮವಾರ

ಖತೀಜಾಬಿ ಆರು. ಜ್ಯೋತಿ ಐದು.

ಗಾಡಿಯಿಂದ ನೇರವಾಗಿ ಪಂಚಾಯ್ತಿ ಕಚೇರಿಗೆ ಇಳಿಸಿದ್ದರು. ಗುಪ್ತ ಮತದಾನ, ಸದಸ್ಯರು ಮಾತ್ರ ಒಳಗೆ. ಹೊರಗೆ ರುದ್ರೇಶಣ್ಣನವರ ಹುಡುಗರು ಪಟಾಕಿಯ ಸರ ಬಿಡಿಸಿಟ್ಟಿದ್ದರು. ಚುನಾವಣಾಧಿಕಾರಿ ಓದಿ ಹೇಳಿದ ಮೇಲೆ ಪಟಾಕಿಗೆ ಒಬ್ಬನೂ ಕಡ್ಡಿ ಗೀರಲಿಲ್ಲ.

ಆಮೇಲೆ ಕಚೇರಿಯ ಪಡಸಾಲೆಯಲ್ಲಿ ಒಬ್ಬರನ್ನೊಬ್ಬರು ನೋಡುವುದು ಶುರುವಾಯಿತು. ಮೊದಲು ಎಲ್ಲರ ಕಣ್ಣೂ ಮಲಿಕಸಾಬನ ಮೇಲೆ ಬಿತ್ತು. ಭಂಡಾರ ಮುಟ್ಟದವನು ಅವನಲ್ಲವೇ. ಹೆಸರೂ ಹಾಗೆಯೇ, ಗೆದ್ದವಳ ಹೆಸರೂ ಹಾಗೆಯೇ. ಹುಡುಗರು ಅವನ ಸುತ್ತ ಸೇರುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಅವನನ್ನೇ ನೋಡುತ್ತಿದ್ದೆ. ಮುದುಕ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಅಷ್ಟರಲ್ಲಿ ಮಧುಮತಿ ಮೆಟ್ಟಿಲ ಹತ್ತಿರ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಅವರನ್ಯಾಕ ನೋಡ್ತೀರಿ? ಖತೀಜಾಬಿಗೆ ಹಾಕಿದಾಕಿ ನಾನು. ಗುಡ್ಡ ನನ್ನ ಉಡ್ಯಾಗ ಐತಿ.”

ಹಾಗೆ ಹೇಳಿ ಚಪ್ಪಲಿ ಮೆಟ್ಟಿಕೊಂಡು ಮನೆಯ ಕಡೆ ನಡೆದಳು. ನನ್ನನ್ನು ಕರೆಯಲಿಲ್ಲ.

ನಾನು ಹಿಂದೆ ಹಿಂದೆ ಹೋಗುವಾಗ ನೆನಪಾಯಿತು. ಆಣೆಯ ಮರುದಿನ ಬೆಳಗ್ಗೆ ತುಳಸಿಕಟ್ಟೆಗೆ ದೀಪ ಹಚ್ಚಿದ್ದಳು. ಹೊರಗಾದವಳು ತುಳಸಿಯ ಹತ್ತಿರ ಸುಳಿಯುವುದುಂಟೆ. ಎದುರಿಗೇ ನಿಂತು ನೋಡಿದ್ದೆ, ಚಹಾದ ಚಿಂತೆಯಲ್ಲಿ. ಹೋಂಸ್ಟೇಯ ಹಾಲ್‌ನ ತುಂಬ ಜನ, ಅವಳು ಬಾಗಿಲ ಹೊರಗೆ ಒಂದು ಸುಳ್ಳು ಹಿಡಿದು ನಿಂತಿದ್ದಳು. ತಾನು ಆಣೆ ಮಾಡಬಾರದು ಎಂದು. ಆ ತಾಟಿಗೆ ಕೈ ಹಾಕಲೇಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ಎಂಥ ಕೆಲಸ ಮಾಡಿದಿ, ನನ್ನ ನೌಕರಿ ಹೋಯಿತು ಎಂದು ಕೂಗಾಡಿದೆ. ಒಲೆ ಹಚ್ಚುತ್ತ ಎಲ್ಲ ಕೇಳಿಸಿಕೊಂಡಳು. ಒಂದು ಮಾತು ಹೇಳದೆ ಆಣೆ ಯಾಕೆ ಮಾಡಗೊಟ್ಟೆ ಎಂದೆ.

“ನೀವು ನನ್ನ ಕೇಳಿ ಮಾಡಿದ್ರೇನು?” ಎಂದಳು.

ಫೆಬ್ರವರಿ 3, ಮಂಗಳವಾರ

ರುದ್ರೇಶ ಬಂದಿದ್ದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಸ್ತಿಲ ಆಚೆಗೇ ನಿಂತ. ಮಧುಮತಿಗೆ ನಮಸ್ಕಾರ ಮಾಡಿದ.

“ಅಕ್ಕಾರ ಮ್ಯಾಲ ನನಗ ಸಿಟ್ಟಿಲ್ಲ. ಅವರು ತಾಟಿಗೆ ಕೈ ಹಚ್ಚಿಲ್ಲ. ಕೈ ಹಾಕಿದವರು ನೀವು, ಮಾಸ್ತರ.”

ಅಷ್ಟೇ ಹೇಳಿ ಹೋದ. ಇಂಥವನೂ ನನಗೆ ನೀತಿ ಹೇಳುವ ಕಾಲ ಬಂತು. ಗುಡ್ಡ ನುಂಗಲು ಕೂತವನು ಅರಿಸಿನಪುಡಿಗೆ ನಿಷ್ಠನಾಗಿದ್ದಾನೆ.

ಫೆಬ್ರವರಿ 4, ಬುಧವಾರ

ನಿದ್ದೆ ಬರಲಿಲ್ಲ. ಮಳೆಗಾಲವಲ್ಲದ ಕಾರಣ ಪೂರ್ವದ ವಾದವನ್ನು ಪರೀಕ್ಷಿಸುವಂತಿಲ್ಲ. ಪಶ್ಚಿಮಕ್ಕೆ ಒಂದು ಅಂಕ ಕೊಡಬೇಕು.

ಫೆಬ್ರವರಿ 6, ಶುಕ್ರವಾರ

ಸಂಕಿರಣದ ಆಮಂತ್ರಣದಲ್ಲಿ ನನ್ನ ಹೆಸರಿಲ್ಲ. ನನ್ನ ವಿಷಯವನ್ನು ಧಾರವಾಡದಿಂದ ಬಂದ ಯಾರೋ ಮಾತಾಡಿದರು. ಪ್ರಾಚಾರ್ಯರು ಕುರ್ಚಿ ತೋರಿಸಲಿಲ್ಲ. ಜೂನ್‌ನಲ್ಲಿ ನೋಡೋಣ ಎಂದರು. ಅದರ ಅರ್ಥ ನನಗೆ ತಿಳಿಯುತ್ತದೆ.

ಆದರೂ ಕಡೆಯ ಬೆಂಚಿನಲ್ಲಿ ಕೂತು ಕೇಳಿದೆ. ಬಂದವರು ಪೂರ್ವದಲ್ಲಿ ರಾಜ ತಪ್ಪಿದರೆ ಮಳೆ ತಪ್ಪುತ್ತದೆ ಎಂದರು, ಪಶ್ಚಿಮದಲ್ಲಿ ನಿದ್ದೆ ಕೆಡುತ್ತದೆ ಎಂದರು. ನಾನು ಬರೆದದ್ದನ್ನೇ ಕದ್ದರೇನೋ ಎನ್ನುವಷ್ಟು ಹಾಗೆಯೇ. ಮುಖ್ಯ ಅತಿಥಿಯಾದ ರುದ್ರೇಶನ ಮಾವನವರು ತೂಕಡಿಸುತ್ತಿದ್ದರು. ಎಲ್ಲ ರಾಜರ ಸುದ್ದಿ, ಮಂತ್ರಿಗಳ ಸುದ್ದಿ. ರಾಜನಾಗುವ ಮೊದಲು ಅವನ ಉಡಿಗೆ ಯಾರು ಏನು ಹಾಕಿದರು ಎಂದು ಎರಡೂ ಕಡೆಯವರು ಬರೆದಿಲ್ಲ, ಅಥವಾ ಬರೆದಿದ್ದರೂ ನಾವು ಓದಿಲ್ಲ. ಕೈ ಎತ್ತಿ ಕೇಳೋಣ ಎನ್ನಿಸಿತು. ಕೈ ಎತ್ತಲು ಹೋಗಿ ಉಗುರು ನೋಡಿಕೊಂಡೆ. ಇನ್ನೂ ಹಳದಿ. ಕೈ ಕೆಳಗಿಟ್ಟೆ.

ಬಸ್ಸಿನಲ್ಲಿ ಲಗಮಪ್ಪ ಸಿಕ್ಕಿದ. ಪಕ್ಕದಲ್ಲಿ ಜಾಗವಿದ್ದರೂ ಕೂರಲಿಲ್ಲ, ಕಂಬಿ ಹಿಡಿದು ನಿಂತೇ ಬಂದ. ಆಣೆ ತಪ್ಪಿದವನ ಪಕ್ಕ ಕೂತರೆ ಅಂಟುತ್ತದೆಯಂತೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಆಣೆ ಬಿಡಿಸಿಕೊಂಡು ಬನ್ನಿ ಎಂದು ಇಳಿಯುವಾಗ ಮೆಲ್ಲಗೆ ಹೇಳಿದ. ಮೂಢ.

ಫೆಬ್ರವರಿ 8, ಭಾನುವಾರ

ಕೆರೆ ಓಣಿಯ ಹೆಂಗಸರು ಮತ್ತೆ ಬಂದು ಮಧುಮತಿಯ ಉಡಿ ತುಂಬಿದರು. ಗುಡ್ಡಕ್ಕೆ ಒಪ್ಪಿಗೆ ಕೊಡುವುದಿಲ್ಲ ಎಂದು ಹೊಸ ಅಧ್ಯಕ್ಷೆ ಮೊದಲ ಸಭೆಯಲ್ಲೇ ಠರಾವು ಮಾಡಿಸಿದ್ದಾಳಂತೆ. ಈ ಸಲ ಖತೀಜಾಬಿಯೂ ಅವರ ಜೊತೆ ಬಂದು, ಒಂದು ಡಜನ್ ಹಸಿರು ಬಳೆ ತಂದು ಮಧುಮತಿಯ ಕೈಗೆ ತಾನೇ ಏರಿಸಿದಳು. ಶಿವಗಂಗವ್ವ ನನ್ನ ಕೈ ನೋಡಿದಳು. ಊರಿಗೆಲ್ಲ ಗೊತ್ತಾಗಿದೆ. ಹೋಗುವಾಗ ಸವದತ್ತಿಯ ಬಸ್ಸು ಬೆಳಗ್ಗೆ ಬೇಗ ಹೊರಡುತ್ತದೆ ಎಂದಳು, ನನಗೆ ಹೇಳಿದಂತೆಯೂ ಅಲ್ಲ, ಹೇಳದಂತೆಯೂ ಅಲ್ಲ.

ಅವರೆಲ್ಲ ಹೋದ ಮೇಲೆ ಪಾಯಸ ಕುದಿಯಿತು. ಮಧುಮತಿ ತಾಟು ಹಾಕಿದಳು. ಆದರೆ ಬಡಿಸದೆ ಸೌಟು ಹಿಡಿದು ನಿಂತಳು. ಹೋದ ಸಲದ ಉಡಿಯ ಅಕ್ಕಿಯನ್ನು ನೀವೂ ಉಂಡಿದ್ದಿರಿ, ಎರಡು ಸಲ ಬಡಿಸಿಕೊಂಡಿದ್ದಿರಿ, ಶಿವಗಂಗವ್ವನಿಗೆ ನಾನು ಹೂಂ ಎಂದಾಗ ನಿಮ್ಮದೂ ಸೇರಿತ್ತು ಎಂದು ತಿಳಿದಿದ್ದೆ ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ.

“ಈ ಸಲ ಉಣ್ಣೂದಾದ್ರ ತಿಳದು ಉಣ್ರಿ. ಒಲ್ಲೆ ಅಂದ್ರ ರೊಟ್ಟಿ ಅದಾವ.”

ನನ್ನ ಹತ್ತಿರ ಪೂರ್ವವೂ ಇತ್ತು, ಪಶ್ಚಿಮವೂ ಇತ್ತು. ಎರಡರಲ್ಲೂ ಹುಡುಕಿದೆ. ತಾಟು ಖಾಲಿ ಇತ್ತು, ಅವಳು ನಿಂತೇ ಇದ್ದಳು. ಬಡಿಸು ಎಂದೆ.

ಅದೇ ಹತ್ತು ಮನೆಯ ಅಕ್ಕಿ, ಒಂದು ಮುದ್ದೆ, ಇನ್ನೊಂದು ಕಾಳು. ನಡುವೆ ಹಲ್ಲಿಗೆ ಹರಳು ಸಿಕ್ಕಿತು. ತಟ್ಟೆಯ ಅಂಚಿಗೆ ಇಡಲಿಲ್ಲ, ನುಂಗಿದೆ.